ನೀರಿನಲ್ಲಿಟ್ಟ ಹಲಗೆ

ಬಡಗಿ ಕಾಕಾನ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಎಂದೋ ಗರಗಸ ತಿಂದುಹಾಕಿತ್ತು. ಆ ಬೋಳು ತುದಿಯಿಂದಲೇ ಅವರು ಲೋಕವನ್ನೆಲ್ಲ ಕುಟ್ಟಿ ನೋಡುತ್ತಿದ್ದರು: ಗೋಡೆ, ಕಲ್ಲಂಗಡಿ, ಒಮ್ಮೆ ನನ್ನ ಹೊಸ ಹೆಲ್ಮೆಟ್ಟು. ಅದೂ ನನ್ನ ತಲೆಯ ಮೇಲಿರುವಾಗಲೇ. "ಒಳಗ ಖಾಲಿ ಅದ" ಎಂದಿದ್ದರು.

ಪುಣೆಯ ಕ್ಯಾಂಪ್ ಪ್ರದೇಶದ ಹಳೆಯ ಕಾಂಕ್ರೀಟ್ ಕಟ್ಟಡವೊಂದನ್ನು ಭೂಕಂಪಕ್ಕೆ ಜಗ್ಗದಂತೆ ಬಲಪಡಿಸುವ ಕೆಲಸ ನಮ್ಮದು. ಮರದ ಪದರಗಳನ್ನು ಅಡ್ಡ-ಉದ್ದ ಅಂಟಿಸಿ ಮಾಡಿದ ದಪ್ಪ ಹಲಗೆಗಳನ್ನು ಕಂಬ-ತೊಲೆಗಳ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ನಾನು ಹೊಸ ಇಂಜಿನಿಯರ್. ಕಟ್ಟಡಕ್ಕಿಂತ ನಾನೇ ಹೆಚ್ಚು ಅಲುಗಾಡುತ್ತಿದ್ದೆ. ಕಾಕಾ ವಿಜಯಪುರದ ಕಡೆಯವರು, ಬಡಗಿಗಳ ಮುಖ್ಯಸ್ಥ.

"ಅಂಟಿನ ಮ್ಯಾಲೆ ಮನಿ ನಿಲ್ತದೇನೋ ತಮ್ಮಾ?"

"ಲ್ಯಾಬಿನ್ಯಾಗ ಟೆಸ್ಟ್ ಆಗೇದ್ರಿ ಕಾಕಾ."

"ಲ್ಯಾಬಿನ್ಯಾಗ ಯಾರರ ಮಲಗ್ತಾರೇನು?"

ಅಂದೇ ಒಂದು ತುಂಡು ಹಲಗೆಯನ್ನು ಮನೆಗೊಯ್ದು ಬಕೆಟ್ಟಿನಲ್ಲಿ ಮುಳುಗಿಸಿಟ್ಟರು. ದಿನಾ ಬೆಳಿಗ್ಗೆ ಪದರಗಳ ಸಂದಿಗೆ ಉಳಿ ತೂರಿಸಿ ನೋಡುವುದು, ಬಂದು ನನಗೆ ವರದಿ ಒಪ್ಪಿಸುವುದು: "ಇವತ್ತೂ ಅಂಟು ಬಿಟ್ಟಿಲ್ಲ. ಏನೋ ಮಸಲತ್ತು ಅದ."

ಮೊದಲ ಹಲಗೆ ಏರಿಸಬೇಕಾದದ್ದು ಮೂರನೇ ಮಹಡಿಯ ಅಜ್ಜಿಯೊಬ್ಬರ ಕೋಣೆಯಲ್ಲಿ. ಅವರ ಮಂಚ ಅದೇ ಗೋಡೆಯ ಪಕ್ಕ. ನಾನು ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ಗುರುತು ಹಾಕಿ, ಜಂಬಕ್ಕೆ ಪಕ್ಕದಲ್ಲಿ ಸಹಿಯನ್ನೂ ಮಾಡಿದ್ದೆ. ಕಾಕಾ ಏಣಿ ಹತ್ತಿ, ಒಂದೊಂದನ್ನೂ ಕುಟ್ಟಿ, ಕೆಳಗಿಳಿದರು.

"ಬೋಲ್ಟ್ ಹಾಕಂಗಿಲ್ಲ. ಇಲ್ಲಿ ತೊಲಿನೇ ಇಲ್ಲ."

"ನಕ್ಷೆದಾಗ ಅದ್ರೀ!"

"ಹಂಗಾರ ಬೋಲ್ಟ್ ನಕ್ಷೆದಾಗ ಹೊಡಿ."

ಅವರ ಮರ್ಯಾದೆ ತೆಗೆಯೋಣವೆಂದೇ ಗೋಡೆ ಕೆತ್ತಿಸಿದೆ. ಗಿಲಾವು ಉದುರಿತು, ಹಿಂದೆ ಬರೀ ಇಟ್ಟಿಗೆ ಚೂರು. ಯಾರೋ ಹಿಂದೆ ಅಂದಕ್ಕೆಂದು ತೊಲೆಯ ಕೆಳಗೆ ಇಟ್ಟಿಗೆ ತುಂಬಿ, ಎಲ್ಲಕ್ಕೂ ಒಂದೇ ಗಿಲಾವು ಬಳಿದಿದ್ದರು. ನಿಜವಾದ ತೊಲೆ ಒಂದು ಗೇಣು ಮೇಲಿತ್ತು. ನಾನು ಗಿಲಾವನ್ನೇ ತೊಲೆಯೆಂದು ಅಳೆದಿದ್ದೆ. ಹನ್ನೆರಡೂ ಗುರುತು ಅಚ್ಚುಕಟ್ಟಾಗಿ ತಪ್ಪು. ಭೂಮಿ ನಡುಗಿದ್ದರೆ, ಅಜ್ಜಿಯನ್ನು ಕಾಯಬೇಕಾದ ಹಲಗೆಯೇ ಮೊದಲು ಅವರ ಮೇಲೆ ಬೀಳುತ್ತಿತ್ತು.

ಕಾಕಾ ಒದ್ದೆ ಬಟ್ಟೆ ಕೊಟ್ಟರು. "ಮೊದಲ ಆ ಸಹಿ ಒರಸು." ನನ್ನ ತಪ್ಪನ್ನು ಅವರು ಯಾರಿಗೂ ಹೇಳಲಿಲ್ಲ.

ಈ ವರ್ಷ ಕಾಕಾ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಹೆಂಡತಿ, ಕಾಕೂ, ಬಚ್ಚಲಿನಿಂದ ಒಂದು ಮಣೆ ತಂದು ಕೊಟ್ಟರು. ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದ ಅದೇ ತುಂಡು, ಕೆಳಗೆ ಎರಡು ಪಟ್ಟಿ ಬಡಿದಿತ್ತು.

"ಎರಡು ವರ್ಷ ಇದರ ಮ್ಯಾಲೇ ಕುಂತು ಜಳಕ ಮಾಡ್ಯಾರಪ್ಪ. ಅಂಟು ಬಿಟ್ಟ ದಿನ ಆ ಹುಡುಗ್ಗ ತೋರಸ್ತೀನಿ ಅಂತಿದ್ರು."

ಬಿಟ್ಟಿಲ್ಲ. ಈಗ ಅದರ ಮೇಲೆ ನಾನು ಕೂತು ಸ್ನಾನ ಮಾಡುತ್ತೇನೆ. ಎದ್ದಮೇಲೆ, ದಿನಾ, ಸಂದಿಗೆ ಉಗುರು ತೂರಿಸಿ ನೋಡುತ್ತೇನೆ.