ಹೊಂಡದ ಕಡೆಯಿಂದ ಬಂದ ದನಿ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಪೈಕಿ ನಾನು. ಗದಗಿನಲ್ಲಿ ನೀರಿನ ಪಂಪು ರಿಪೇರಿ ಮಾಡುತ್ತೇನೆ. ಸದ್ದು ಬಂತೆಂದರೆ ಅದಕ್ಕೊಂದು ಕಾರಣ ಇರಲೇಬೇಕು. ಹಾಗಾಗಿ ಇದನ್ನು ಹೇಳುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾಲ್ಕು ವರ್ಷದ ಹಿಂದಿನ ಶೀಗಿ ಹುಣ್ಣಿಮೆ. ನಮಗೆ ಹೊಲವಿಲ್ಲ. ಆದರೆ ಹಮ್ಮಿಗಿಯ ಒಕ್ಕಲು ಮನೆಯಿಂದ ಬಂದ ನನ್ನ ಹೆಂಡತಿ ರೇಣುಕಾಗೆ ಚರಗ ಚೆಲ್ಲದಿದ್ದರೆ ಹಬ್ಬ ಹಬ್ಬವೇ ಅಲ್ಲ. ಶಿರಹಟ್ಟಿ ಕಡೆಯ ಹಳೇ ಕೋಟೆಯೊಳಗೆ ಉದ್ಯಾನ ಮಾಡಿದ್ದಾರೆ, ಅಲ್ಲೇ ಚೆಲ್ಲೋಣ ಎಂದು ಹಟ ಹಿಡಿದಳು. ಬುತ್ತಿ ಕಟ್ಟಿಕೊಂಡು, ಆರು ವರ್ಷದ ಮಗಳು ಸುಮಾಳನ್ನು ಕರೆದುಕೊಂಡು ಹೋದೆವು.

ಚರಗವೆಂದರೆ ಬೆಳೆಗೆ ಕೊಡುವ ಎಡೆ. ಮುಂದೆ ನಡೆಯುವವರು ‘ಹುಲ್ಲುಲ್ಲಿಗೋ’ ಎಂದು ಕೂಗಿ ಎಡೆ ಚೆಲ್ಲಬೇಕು. ಹಿಂದಿನವರು ‘ಚಲ್ಲಂಬರಿಗೋ’ ಎಂದು ಓಗೊಟ್ಟು ನೀರು ಚಿಮುಕಿಸಬೇಕು. ಸೆಲ್ಫಿ ತೆಗೆಯುವವರ ನಡುವೆ ಹಾಗೆ ಅರಚಲು ನಾಚಿ ನಾನು ಒಲ್ಲೆನೆಂದೆ. ರೇಣುಕಾ ಮುಖ ಊದಿಸಿಕೊಂಡು ತಾನೇ ಮುಂದಾದಳು. ತಂಬಿಗೆ ಹಿಡಿದು ಸುಮಾ ಹಿಂದೆ. ಚೆಲ್ಲುವವರು ತಿರುಗಿ ನೋಡಬಾರದೆಂಬುದು ಅವಳ ತವರಿನ ಪದ್ಧತಿ. ಪುಣ್ಯಾತ್ಗಿತ್ತಿ ಒಮ್ಮೆಯೂ ನೋಡಲಿಲ್ಲ! ನೆಗಡಿಯಿಂದ ಮಗಳ ಗಂಟಲು ಪೂರ್ತಿ ಕಟ್ಟಿತ್ತು, ಹೀಗಾಗಿ ಓಗೊಡುವ ದನಿ ಕೇಳದಿದ್ದರೂ ಇವಳಿಗೆ ಅನುಮಾನ ಬರಲಿಲ್ಲ. ನಾನೋ, ಫೋನಿನಲ್ಲಿ ಗಿರಾಕಿಯ ಜೊತೆ ಜಗಳದಲ್ಲಿದ್ದೆ. ಅವಳು ಸುತ್ತು ಮುಗಿಸಿ ಬಂದಾಗ ಹಿಂದೆ ಮಗಳಿಲ್ಲ.

ಅರ್ಧ ತಾಸು ಹೆಸರು ಹಿಡಿದು ಕೂಗಿದೆವು, ನಡುನಡುವೆ ಒಬ್ಬರನ್ನೊಬ್ಬರು ಬೈದೆವು. ಕೋಟೆಯ ತುಂಬ ಪೊದೆ, ಅಲ್ಲಲ್ಲಿ ಹಾಳು ಹೊಂಡ. ನಮ್ಮೊಡನೆ ಹುಡುಕುತ್ತಿದ್ದ ಕಾವಲುಗಾರ ಮೌಲಾಸಾಬ ಕೊನೆಗೆ, “ಹೆಸರು ಹಿಡದು ಒದರಿದ್ರ ಬೈತಾರಂತ ಹುಡುಗ್ರು ಅಡಗತಾವ್ರಿ. ಚರಗದ ಕೂಗು ಹಾಕ್ರಿ” ಅಂದ. ಹುಚ್ಚು ಸಲಹೆ ಎನಿಸಿತು. ಆದರೂ ನಾಚಿಕೆಗೀಚಿಕೆ ಬಿಟ್ಟು ‘ಹುಲ್ಲುಲ್ಲಿಗೋ’ ಎಂದು ಕೂಗಿದೆ.

ಕೋಟೆಯ ಹಳೇ ಕಣಜದ ಗೋಡೆಯ ಆಚೆಯಿಂದ ‘ಚಲ್ಲಂಬರಿಗೋ’ ಎಂದು ಎಳೆಯ ದನಿ ಕೇಳಿತು. ಓಡಿದೆವು. ಮತ್ತೆ ಕೂಗಿದೆ, ಮತ್ತೆ ಬಂತು. ಮೂರನೆಯ ಸಲದ ದನಿ ಹಿಡಿದು ಪೊದೆ ಸರಿಸಿದರೆ ಕೆಳಗೆ ಹೊಂಡ. ನೀರಿಗೆ ಬೆನ್ನು ಮಾಡಿ, ಖಾಲಿ ತಂಬಿಗೆ ಹಿಡಿದು, ಪಾಚಿಗಟ್ಟಿದ ಕಡೆಯ ಮೆಟ್ಟಿಲ ಮೇಲೆ ಸುಮಾ ನಿಂತಿದ್ದಳು.

ಇಳಿದು ಎತ್ತಿಕೊಂಡೆ. “ಮದ್ಲ ಯಾಕ ಓಗೊಡಲಿಲ್ಲಲೇ?” ಎಂದು, ಅವಳ ನೆಗಡಿ ಮರೆತು ಗದರಿದೆ. ಅವಳು ಪಿಸುಗುಟ್ಟಿದಳು. ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ.

“ನಾ ಈಗೂ ಒದರಿಲ್ಲಪ್ಪಾ. ನನ್ನ ಹಿಂದ ಇದ್ದಾಕಿ ಒದರಿದ್ಲು.”

ಅವಳ ಹಿಂದೆ ಹಸಿರು ನೀರಷ್ಟೇ ಇತ್ತು.

ಗೆಳೆಯರು ಪ್ರತಿಧ್ವನಿ ಎನ್ನುತ್ತಾರೆ. ಹಾಗೆನ್ನಲು ನಾನೂ ಸಾಕಷ್ಟು ಒದ್ದಾಡಿದ್ದೇನೆ. ಗೋಡೆ ನನ್ನ ಮಾತನ್ನು ನನಗೇ ವಾಪಸು ಕೊಡಬಹುದು, ಉತ್ತರ ಎಲ್ಲಿಂದ ಕೊಟ್ಟೀತು? ಇನ್ನೊಂದು ಮಗು ಇತ್ತೇ ಎಂದು ಮೌಲಾಸಾಬ ಸಂಜೆಯವರೆಗೆ ಹೊಂಡವನ್ನೆಲ್ಲ ಜಾಲಾಡಿದ. ಯಾರೂ ಸಿಗಲಿಲ್ಲ. ನಾನು, ರೇಣುಕಾ, ಮೌಲಾಸಾಬ ಮೂವರೂ ಕೇಳಿದ ದನಿಯನ್ನು ಭ್ರಮೆ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ನಂಬಲೂ ಆಗುತ್ತಿಲ್ಲ. ಮಗಳನ್ನು ಉಳಿಸಿಕೊಟ್ಟವರಿಗೆ ಒಮ್ಮೆ ಕೈಮುಗಿಯೋಣವೆಂದರೆ, ಯಾವ ಕಡೆ ತಿರುಗಿ ಮುಗಿಯಲಿ?