ಸೈಕಲ್ ಎತ್ತುವವಳು ನಾನು

ವ್ಯಾನಿನ ಹಿಂದೆ ಸೈಕಲ್ ಕಟ್ಟುವ ಕ್ಯಾರಿಯರ್ ಕೊಳ್ಳಲು ಹೋದಾಗ, ಕಲಬುರಗಿಯ ಆ ಅಂಗಡಿಯವನು "ಎಷ್ಟ್ ಸೈಕಲ್ ಅದಾವ್ರಿ ಸರ್?" ಎಂದು ಕೇಳಿದ್ದು ನನ್ನ ಗಂಡನನ್ನು. "ಎಲ್ಲಿಗೆ ಹೋಗಾವ್ರಿ ಸರ್?" ಎಂದು ಕೇಳಿದ್ದೂ ಅವರನ್ನೇ. ನಾನು ಪಕ್ಕದಲ್ಲೇ ವ್ಯಾನಿನ ಕೀಲಿ ಹಿಡಿದು ನಿಂತಿದ್ದೆ. ವ್ಯಾನ್ ಓಡಿಸಿಕೊಂಡು ಬಂದವಳು ನಾನು. ನನ್ನ ಗಂಡನಿಗೆ ಡ್ರೈವಿಂಗ್ ಬರುವುದೇ ಇಲ್ಲ.

ಆಳಂದದ ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದು ನಿವೃತ್ತಳಾದ ಮೇಲೆ, ಶಾಲಾ ಮಕ್ಕಳನ್ನು ಒಯ್ಯುತ್ತಿದ್ದ ಒಂದು ಹಳೆಯ ವ್ಯಾನ್ ಕೊಂಡೆ. ಸೀಟು ಕಿತ್ತುಹಾಕಿ ಎರಡು ಮಲಗುವ ಹಲಗೆ ಹಾಕಿಸಿದೆ. ಹಿಂದೆ, ಬಾಗಿಲ ಒಳಗೇ ಒಲೆ, ಸಿಲಿಂಡರ್, ನೀರಿನ ಕ್ಯಾನ್. ಎರಡು ಕದ ತೆರೆದರೆ ಅದೇ ಅಡುಗೆಮನೆ. ಮಟಕಿ ಎಂಬ ಹಳ್ಳಿಯಿಂದ ಆಳಂದಕ್ಕೆ ವರ್ಷಗಟ್ಟಲೆ ಸೈಕಲ್ ತುಳಿದು ಶಾಲೆಗೆ ಹೋದವಳು ನಾನು. ಸೈಕಲ್ ಬಿಟ್ಟು ತಿರುಗಾಟಕ್ಕೆ ಹೊರಡುವ ಮಾತೇ ಇರಲಿಲ್ಲ. ಗಂಡನ ಹತ್ತಿರವೂ ಒಂದಿತ್ತು. ಕಾಲೇಜಿನ ಗ್ರಂಥಾಲಯದಲ್ಲಿದ್ದ ಅವರಿಗೆ ಬೀಳ್ಕೊಡುವಾಗ ಜೊತೆಯವರು ಕೊಟ್ಟದ್ದು. ಎರಡೇ ಸಲ ಹತ್ತಿದ್ದರು.

ಅಂಗಡಿಯವನು ಪಟ್ಟಿ, ಕೊಕ್ಕೆಗಳಿದ್ದ ಒಂದು ಕ್ಯಾರಿಯರ್ ಇಳಿಸಿ ತೋರಿಸಿದ. "ಎಲ್ಲಾ ಗಾಡಿಗೂ ಕೂಡ್ತದ್ರಿ ಸರ್, ಎರಡು ಸೈಕಲ್ ಆರಾಮ್ ಹಿಡೀತದ."

"ನಮ್ಮ ಗಾಡಿಗಿ ಹಿಂದ ಎರಡು ಕದ ಅದಾವ. ಇದು ಎರಡಕ್ಕೂ ಅಡ್ಡ ಬರ್ತದಲ್ಲಾ? ಬಾಗಲಾ ಹ್ಯಾಂಗ್ ತೆಗಿಬೇಕು?" ಎಂದೆ.

ಅವನು ನನ್ನತ್ತ ನೋಡದೆ ನಕ್ಕ. "ಅಮ್ಮಾವ್ರಿಗಿ ನೀವೇ ತಿಳಿಸಿ ಹೇಳ್ರಿ ಸರ್. ಈ ವಯಸ್ಸಿನಾಗ ಸೈಕಲ್ ಯಾಕ್ ಬೇಕ್ರಿ ಅವ್ರಿಗಿ?"

ನನ್ನ ಗಂಡನೂ ನಕ್ಕರು. ಆ ನಗು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಹೊರಗೆ ಅಂಗಡಿಯ ಇಬ್ಬರು ಕೆಲಸಗಾರರು ಅಷ್ಟರಲ್ಲಾಗಲೇ ಆ ಕ್ಯಾರಿಯರನ್ನು ವ್ಯಾನಿಗೆ ಬಿಗಿಯುತ್ತಿದ್ದರು. ಅವರ ಎತ್ತರಕ್ಕೆ, ಅವರ ತೋಳಿನ ಅಳತೆಗೆ.

ಮೂರು ದಿನದ ಮೇಲೆ, ಪಕ್ಕದ ಮನೆಯ ಹುಡುಗರಿಂದ ಎರಡೂ ಸೈಕಲ್ ಎತ್ತಿಸಿ ಕಟ್ಟಿಸಿಕೊಂಡು, ಅಫಜಲಪುರದ ಕಡೆ, ಭೀಮಾ ದಂಡೆಗೆಂದು ಹೊರಟೆವು. ಮಾದನಹಿಪ್ಪರಗಾ ದಾಟಿದ ಮೇಲೆ ಒಂದು ಬೇವಿನ ಮರದ ಕೆಳಗೆ, ಅನ್ನ ಮಾಡೋಣವೆಂದು ವ್ಯಾನ್ ನಿಲ್ಲಿಸಿದೆ. ಕದ ತೆರೆಯಲಿಲ್ಲ. ತೆರೆಯುವುದಾದರೂ ಹೇಗೆ? ಎರಡು ಸೈಕಲ್ ಅಡ್ಡ ಮಲಗಿದ್ದವು. ಇಳಿಸೋಣವೆಂದರೆ ಕೊಕ್ಕೆ ನನ್ನ ನೆತ್ತಿಗಿಂತ ಮೇಲೆ. ಗಂಡನಿಗೆ ಬೆನ್ನುನೋವು, ಬಗ್ಗುವುದಕ್ಕೂ ಆಗದು, ಎತ್ತುವುದಕ್ಕೂ ಆಗದು. ಕೊನೆಗೆ ಹೊಲಕ್ಕೆ ಹೊರಟಿದ್ದ ಇಬ್ಬರು ಮೋಟಾರ್ ಸೈಕಲ್ ನಿಲ್ಲಿಸಿ ಇಳಿಸಿಕೊಟ್ಟರು. ಆಗ ಕಂಡಿತು: ಪೆಡಲ್ ತಿಕ್ಕಿ ಹಿಂದಿನ ಗಾಜಿನ ಮೇಲೆ ಗೀರು ಬಿದ್ದಿತ್ತು, ಕೊಕ್ಕೆ ಸಿಕ್ಕಿಸಿದಲ್ಲಿ ಕದದ ಅಂಚು ಬಾಗಿತ್ತು.

"ಇರಲಿ ಬಿಡು, ಅಡ್ಜಸ್ಟ್ ಮಾಡ್ಕೊಂಡ್ರ ಆಯ್ತು," ಎಂದರು ಗಂಡ.

ನಾನು ಭೀಮಾ ನದಿಯನ್ನು ನೋಡಲೇ ಇಲ್ಲ. ಆ ಇಬ್ಬರಿಂದಲೇ ಸೈಕಲ್ ಮತ್ತೆ ಕಟ್ಟಿಸಿಕೊಂಡು, ಅಲ್ಲಿಂದಲೇ ವ್ಯಾನ್ ತಿರುಗಿಸಿ ನೇರ ಕಲಬುರಗಿಗೆ ಹೊರಟೆ.

ಅಂಗಡಿಯವನು ಮಾತು ಶುರುಮಾಡಿದ್ದೇ, "ಕಟ್ಟೂದ್ರಾಗ ಏನರೆ ತಪ್ಪ್ ಆಗಿರ್ಬೇಕ್ರಿ ಸರ್..."

"ಕಟ್ಟಿದವ್ರು ನಿಮ್ಮ ಮಂದಿ," ಎಂದೆ. "ಸೈಕಲ್ ಅಲ್ಲೇ ಅದಾವ. ನೀವು ಈಗ ನನ್ನ ಮುಂದ ಬಾಗಲಾ ತೆಗೆದು ತೋರಸ್ರಿ."

ಅವನು ಒಂದು ಕದ ಎಳೆದ. ಇನ್ನೊಂದು ಎಳೆದ. ಪಟ್ಟಿ ಸಡಿಲಿಸಿದ, ಸೈಕಲ್ ಜಾರಿ ಅವನ ಭುಜದ ಮೇಲೆ ಬಂತು. ಪಕ್ಕದ ಟೈರ್ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಅರ್ಧ ತಾಸಿನ ಮೇಲೆ ಕ್ಯಾರಿಯರ್ ವಾಪಸ್ ತೆಗೆದುಕೊಂಡ. ತೆಗೆದುಕೊಂಡು, ನನ್ನ ಗಂಡನ ಕಡೆ ತಿರುಗಿ, "ಸಾರಿ ಸರ್," ಎಂದ.

ಸೈಕಲ್‌ಗಳನ್ನು ಒಳಗೆ ಮಲಗುವ ಹಲಗೆಗಳ ಮೇಲೆ ಹಾಕಿಸಿ, ವ್ಯಾನ್ ಹತ್ತಿದ ಮೇಲೆ ಕೇಳಿದೆ: "ನೀವ್ ಯಾಕ ಒಂದು ಮಾತೂ ಆಡ್ಲಿಲ್ಲ?"

"ನೀ ಮಾತಾಡಾಕತ್ತಿದ್ದಿಯಲ್ಲಾ."

"ಅವ ನಿಮ್ಮ ಜೋಡಿ ಮಾತಾಡಾಕತ್ತಿದ್ದ. ಇಕಿನ್ನ ಕೇಳಪಾ ಅಂತ ಒಂದು ಮಾತು ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ಅವರು ಕಿಟಕಿಯಾಚೆ ನೋಡಿದರು. ನಾನು ವ್ಯಾನನ್ನು ಆಳಂದದ ದಾರಿಗೆ ತಿರುಗಿಸಿದೆ.

ಜೇವರ್ಗಿಯಲ್ಲಿ ಒಬ್ಬ ವೆಲ್ಡಿಂಗ್ ಚಾಚಾ ಇದ್ದಾರೆ ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ಮುಂದಿನ ವಾರ ನನ್ನ ಸೈಕಲ್ ವ್ಯಾನಿನೊಳಗೆ ಹಾಕಿಕೊಂಡು ಹೋದೆವು. ಬಿಳಿ ಗಡ್ಡ, ಸುಟ್ಟ ಕಲೆಗಳ ಕೈ. ಕದ ತೆರೆದು ಅಂಚನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಕದವನ್ನು ಗಾಡಿಗೆ ಹಿಡಿದಿಡುವ ಬಿಜಾಗ್ರಿ ಸಡಿಲಾಗಿದೆಯೇ ಎಂದು ನೋಡಿದರು. ಆಮೇಲೆ ಕೇಳಿದರು: "ಸೈಕಲ್ ಎತ್ತಾವ್ರು ಯಾರ್ರಿ?"

"ನಾನ್ರಿ."

"ಹಂಗಾದ್ರ ಇಲ್ಲಿ ಬಂದ್ ನಿಂದ್ರ್ರಿ ಅಕ್ಕಾ." ನನ್ನ ಮೊಣಕಾಲಿನಿಂದ ನೆಲದವರೆಗೆ ಟೇಪ್ ಹಿಡಿದರು. "ಸೈಕಲ್ ಅಡ್ಡ ಹಾಕೂದು ಬ್ಯಾಡ. ಉದ್ದಕ ನಿಂದ್ರಸೂಣು. ಹಿಂದಿನ ಗಾಲಿ ಇಷ್ಟು ಎತ್ತಿ ಇಟ್ರ ಸಾಕು, ಮುಂದಿಂದು ಮ್ಯಾಲೆ ತಳ್ಳಿ ಪಟ್ಟಿ ಹಾಕ್ರಿ. ಬಲಗದಕ್ಕ ಅಷ್ಟೇ. ಎಡಗದ ಖುಲ್ಲಾ ಇರ್ತದ, ಅಡಿಗಿ ಮಾಡ್ಕೋರಿ. ಖರೇ ಒಂದೇ ಸೈಕಲ್. ಎರಡರ ಭಾರ ಈ ಬಿಜಾಗ್ರಿ ತಾಳಂಗಿಲ್ಲ."

"ನಂದು?" ಎಂದರು ನನ್ನ ಗಂಡ.

ಚಾಚಾ ಉತ್ತರಕ್ಕಾಗಿ ನನ್ನ ಮುಖ ನೋಡಿದರು. "ಅದು ಮನ್ಯಾಗ ಇರ್ತದ," ಎಂದೆ. ಗಂಡನ ಮುಖ ಸಪ್ಪಗಾಯಿತು. ನನಗೆ ಕನಿಕರ ಹುಟ್ಟಲಿಲ್ಲ, ಸುಳ್ಳೇಕೆ ಹೇಳಲಿ.

ಚಾಚಾ ಬಲಗದಕ್ಕೆ ಒಂದು ಕಬ್ಬಿಣದ ಚೌಕಟ್ಟು ಕೂಡಿಸಿ, ಕದದ ಒಳಗೂ ಒಂದು ದಪ್ಪ ತಗಡು ಕೊಟ್ಟು ನಟ್ ಬಿಗಿದರು. ದೀಪ, ನಂಬರ್ ಪ್ಲೇಟ್ ಕಾಣುತ್ತವೆಯೇ ಎಂದು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದರು. ನನ್ನ ಕೈಯಿಂದಲೇ ಮೂರು ಸಲ ಸೈಕಲ್ ಹತ್ತಿಸಿ ಇಳಿಸಿ ನೋಡಿದ ಮೇಲಷ್ಟೇ ಬಿಟ್ಟರು.

ಆ ಸಂಜೆ ನೆಲೋಗಿಯಲ್ಲಿ ಪರಿಚಯದವರ ಹೊಲದ ಅಂಚಿಗೆ ವ್ಯಾನ್ ನಿಲ್ಲಿಸಿದೆವು. ಬೆಳಿಗ್ಗೆ ಯಾರನ್ನೂ ಕರೆಯದೆ ಸೈಕಲ್ ಇಳಿಸಿಕೊಂಡು, ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ಒಂದು ತಾಸು ತುಳಿದೆ. ಕರಿಮಣ್ಣಿನ ಹಾದಿ, ಗಾಲಿಗೆ ಮೆತ್ತಗೆ. ತಿರುಗಿ ಬಂದಾಗ ಎಡಗದ ತೆರೆದಿತ್ತು. ಗಂಡ ಚಹಾ ಕುದಿಸುತ್ತಿದ್ದರು.

"ಅವತ್ತು ಅಂಗಡ್ಯಾಗ ನಾ ಮಾತಾಡಬೇಕಿತ್ತು," ಎಂದರು, ಸೋಸುತ್ತಲೇ.

"ಹೌದು, ಮಾತಾಡಬೇಕಿತ್ತು," ಎಂದೆ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಲೋಟ ತೆಗೆದುಕೊಂಡು ಅವರ ಪಕ್ಕದಲ್ಲೇ ಕುಳಿತೆ.