ಚಿರಂಜೀವಿಯ ಸಣ್ಣ ತಂತಿ

ಚಳ್ಳಕೆರೆಯಲ್ಲಿ ಮೈಕು, ಮಿಕ್ಸರ್, ಆಂಪ್ಲಿಫೈಯರ್ ಕೆಟ್ಟರೆ ಬರೋದು ನನ್ನ ಹತ್ರಾನೇ. ಹೆಸರು ಜ್ಯೋತಿಲಕ್ಷ್ಮಿ. ಇಪ್ಪತ್ತೆರಡು ವರ್ಷದಿಂದ ಬೆಸುಗೆ ಹೊಗೆ ಕುಡಿದಿದೀನಿ. ಬಾಯಿ ಜೋರು ಅಂತಾರೆ, ಅನ್ಲಿ. ಕೆಲಸದಲ್ಲಿ ತಪ್ಪು ಹಿಡಿದೋರಿಲ್ಲ ಅಂತ ಬೀಗ್ತಿದ್ದೆ. ಆ ಜಂಬವೇ ಒಬ್ಬನ ಹೊಟ್ಟೆ ಮೇಲೆ ಹೊಡೀತು. ಯಾರೂ ನನ್ನ ಬೈಯಲಿಲ್ಲ, ಅದಕ್ಕೇ ನಾನೇ ಹೇಳ್ತಿದೀನಿ.

ಅವನು ಕೊಂಡ್ಲಹಳ್ಳಿಯ ಚಿರಂಜೀವಿ. ಮೂವತ್ತೈದರ ಆಸುಪಾಸು, ಕಡ್ಡಿ ಪೈಲ್ವಾನ್. ದಿನಾ ಶೇಂಗಾ ಮಿಲ್ಲಲ್ಲಿ ಮೂಟೆ ಹೊರೋನು, ಮದುವೆ ಕಾಲದಲ್ಲಿ ಕೃಷ್ಣಮೂರ್ತಿಯ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸೋನು. ಬೇಸ್ ಅಂದ್ರೆ ನಾಲ್ಕೇ ತಂತಿ, ದಪ್ಪ ತಂತಿ. ಕೇಳೋ ಜನಕ್ಕೆ ಅದೊಂದು ಐತೆ ಅಂತಾನೇ ಗೊತ್ತಾಗಲ್ಲ. ನಿಂತುಹೋದ್ರೆ ಮಾತ್ರ ಹಾಡು ಗೂಟ ಕಿತ್ತ ಚಪ್ಪರದಂಗೆ ಕುಸೀತದೆ.

ಏಳು ವರ್ಷದ ಕೆಳಗೆ ಮೊದಲನೇ ಸಲ ಬಂದಾಗ ಹೇಳಿದ: "ಅಕ್ಕಾ, ಮೂರು ತಂತಿ ಜೋರಾಗಿ ಮಾತಾಡ್ತವೆ. ಕೊನೇದು, ಸಣ್ಣದು, ಉಸಿರೇ ಬಿಡಲ್ಲ."

ತಂತಿ ಕೆಳಗೆ ಅಯಸ್ಕಾಂತದ ಒಂದು ಕಪ್ಪು ಡಬ್ಬಿ ಇರ್ತದೆ, ಪಿಕಪ್ ಅಂತಾರೆ. ತಂತಿಯ ನಡುಕ ಹಿಡಿದು ಸ್ಪೀಕರಿಗೆ ಕಳಿಸೋದು ಅದೇ. ಅದರ ಎರಡು ತುದಿಗೂ ಒಂದೊಂದು ಸ್ಕ್ರೂ. ಡಬ್ಬಿ ತಂತಿಗೆ ಹತ್ರ ಬಂದ್ರೆ ಸದ್ದು ಜೋರು, ದೂರ ಹೋದ್ರೆ ಕಮ್ಮಿ. ನಾನು ನಾಲ್ಕೂ ತಂತಿ ಮೀಟಿ ಸದ್ದು ಅಳೆಯೋ ಮೀಟರ್ ನೋಡಿದೆ. ನಾಲ್ಕೂ ಸಮ! "ಕಿವಿ ತೊಳ್ಕೊಂಡ್ ಬಾರೋ," ಅಂದೆ.

"ಮೀಟರ್ ಏನಾರ ಹೇಳ್ಲಿ ಅಕ್ಕಾ, ನನಗೆ ಕೇಳಿಸ್ತಿಲ್ಲ."

ಸರಿ, ಗಿರಾಕಿ ದೇವರು. ಸಣ್ಣ ತಂತಿ ಕಡೆಯ ಸ್ಕ್ರೂ ತಿರುಗಿಸಿ ಡಬ್ಬೀನ ಮೇಲೆತ್ತಿದೆ, ದಪ್ಪ ತಂತಿ ಕಡೆ ಇಳಿಸಿದೆ. ಡಬ್ಬಿ ವಾರೆಯಾಯ್ತು. ಅವನು ಕಣ್ಣು ಮುಚ್ಕೊಂಡು ನುಡಿಸಿ "ಈಗ ಬಂತು ನೋಡಕ್ಕ" ಅಂತ ಹಲ್ಲು ಬಿಟ್ಟ. ನಿಜಕ್ಕೂ ನಾಲ್ಕೂ ಸಮ ಕೇಳಿಸ್ತು. ಅದೇ ತಂತಿ ನಾನು ಮೀಟಿದ್ರೆ ಕಿರುಚ್ಕೊಂತು. ಗಟ್ಟಿ ಕೈ, ಮೆತ್ತನೆ ಕೈ ಇರ್ತವೆ ಅಂತ ಸುಮ್ಮನಾದೆ.

ಆಮೇಲೆ ಮೂರು ನಾಲ್ಕು ತಿಂಗಳಿಗೊಂದು ಸಲ ಬರೋನು. ಇನ್ನೊಂಚೂರು ಎತ್ತು, ಇನ್ನೊಂಚೂರು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಅಂತ ಪ್ರತಿ ಸಲ ರೇಗಿಸ್ತಿದ್ದೆ. ಅವನು ನಕ್ಕು ಬಲಗೈ ಜೇಬಿಗೆ ಹಾಕ್ಕೊಂಡು ಹೋಗೋನು. ಅವನ ಕೈ ಒಂದು ನಮೂನೆ ವಿಚಿತ್ರ. ಬೇಸ್ ನುಡಿಸೋರು ಎರಡೇ ಬೆರಳಲ್ಲಿ ಎಲ್ಲಾ ತಂತೀನೂ ಮೀಟ್ತಾರೆ. ಇವನದು ಹಂಗಲ್ಲ. ಚಿಕ್ಕಂದಿನಲ್ಲಿ ಭಜನೆ ತಂಬೂರಿ ಕಲಿಸಿದ ಅವರಜ್ಜ, ಒಂದು ತಂತಿಗೆ ಒಂದೇ ಬೆರಳು ಕಣೋ, ಬೆರಳು ಬದಲಿಸಿದ್ರೆ ತಂತಿ ಮುನಿಸ್ಕೊಂತದೆ ಅಂದಿದ್ನಂತೆ. ಅದನ್ನೇ ಗಿಟಾರಿಗೂ ತಂದಿದ್ದ. ದಪ್ಪದಕ್ಕೆ ಹೆಬ್ಬೆರಳು, ಆಮೇಲೆ ತೋರುಬೆರಳು, ನಡುಬೆರಳು, ಸಣ್ಣ ತಂತಿಗೆ ಉಂಗುರದ ಬೆರಳು. ಇಷ್ಟೆಲ್ಲಾ ಕಣ್ಣಾರೆ ನೋಡಿಯೂ ನನ್ನ ಮಂಡೆಗೆ ಹೊಳೀಲಿಲ್ಲವಲ್ಲ!

ಹೋದ ವರ್ಷ ಚಿತ್ರದುರ್ಗದ ಒಂದು ದೊಡ್ಡ ಕಲ್ಯಾಣ ಮಂಟಪದೋರು ಕೃಷ್ಣಮೂರ್ತಿಗೆ ಹೇಳಿ ಕಳಿಸಿದ್ರು. ಇಡೀ ಸೀಸನ್ ನಿಮ್ಮದೇ ಆರ್ಕೆಸ್ಟ್ರಾ, ಆದ್ರೆ ಒಂಬತ್ತು ಜನ ಬೇಡ, ಆರೇ ಸಾಕು ಅಂತ. ಮೊಳಕಾಲ್ಮೂರಲ್ಲಿ ಒಂದು ಮದುವೆ ಇತ್ತು, ಅಲ್ಲಿಗೆ ಅವರ ಮ್ಯಾನೇಜರ್ ಕೇಳೋಕೆ ಬರ್ತಾನೆ ಅಂತ ಗೊತ್ತಾಯ್ತು. ಕೃಷ್ಣಮೂರ್ತಿ ಕೀಬೋರ್ಡಿನೋನು, ಎಡಗೈಯಲ್ಲೇ ಬೇಸ್ ಹೊಡೀಬಲ್ಲ. ಯಾರಿಗೆ ಮೊದಲು ಕತ್ತರಿ ಅಂತ ಬೇರೆ ಹೇಳಬೇಕಾ? ಚಿರಂಜೀವಿಗೂ ಗೊತ್ತಿತ್ತು. "ಅವತ್ತು ಚೆನ್ನಾಗಿ ಕೇಳಿಸ್ಬೇಕಕ್ಕ. ಕೇಳಿಸಿದ್ರೆ ಮೂಟೆ ಬಿಡ್ತೀನಿ," ಅಂದಿದ್ದ.

ಮದುವೆಗೆ ಎರಡು ದಿನ ಇರೋವಾಗ ಅವನು ಊರಿಗೆ ಹೋಗಿದ್ದ, ಅವರವ್ವಗೆ ಜ್ವರ ಅಂತ. ಗಿಟಾರ್ ತಂದುಕೊಟ್ಟೋನು ಕೃಷ್ಣಮೂರ್ತಿ. "ಹೊಸ ತಂತಿ ಹಾಕ್ಬೇಕಂತೆ ಅಕ್ಕ. ಬೇರೇನೂ ಮುಟ್ಟಬ್ಯಾಡ ಅಂತ ಹೇಳವ್ನೆ."

ಬೇರೇನೂ ಮುಟ್ಟಬ್ಯಾಡ? ನನಗೇ ಹೇಳ್ತಾನಾ? ದುರ್ಗದಿಂದ ಬಲ್ಲೋನು ಬರ್ತಾನೆ, ಇವನು ಸೊಟ್ಟ ಡಬ್ಬಿ ಹಿಡ್ಕೊಂಡು ನಿಂತ್ರೆ ಮಾನ ಯಾರದ್ದು ಹೋಗೋದು? ಪ್ರೀತಿಯಿಂದಲೇ ಮಾಡಿದೆ, ಸುಳ್ಳು ಹೇಳಲ್ಲ. ತಂತಿ ಹಾಕಿದೆ. ಡಬ್ಬೀನ ನೆಟ್ಟಗೆ ಮಾಡಿದೆ. ಒಂದೊಂದೇ ತಂತಿ ಮೀಟಿ, ಕಾಲು ಸುತ್ತು, ಅರ್ಧ ಸುತ್ತು ಅಂತ ಸ್ಕ್ರೂ ತಿರುಗಿಸಿ, ಮೀಟರ್ ಮುಳ್ಳು ನಾಲ್ಕಕ್ಕೂ ಒಂದೇ ಗೆರೆ ಮುಟ್ಟೋವರೆಗೂ ಕೂತಿದ್ದೆ. ಎಷ್ಟು ಖುಷಿಯಾಗಿತ್ತು ನನಗೆ!

ಮದುವೆ ದಿನ ಸೌಂಡ್ ನೋಡ್ಕೊಳ್ಳೋಕೆ ನಾನೂ ಹೋಗಿದ್ದೆ. ಚಿರಂಜೀವಿ ಊರಿಂದ ಬಸ್ಸಿಳಿದು ಓಡಿ ಬಂದು, ಸೀದಾ ಸ್ಟೇಜ್ ಹತ್ತಿ ಗಿಟಾರ್ ಕೊರಳಿಗೆ ಹಾಕ್ಕೊಂಡ. ಹಾಡು ಶುರುವಾಯ್ತು. ದಪ್ಪ ತಂತಿಗಳಲ್ಲಿ ಗುಮ್ಮ್ ಅಂತ ಬಂತು. ರಾಗ ಮೇಲಕ್ಕೆ ಹೋಗಿ ಸಣ್ಣ ತಂತಿ ಮುಟ್ಟಿದ್ದೇ ಬೇಸ್ ಮಾಯ. ಅವನು ವಾಲ್ಯೂಮ್ ಏರಿಸಿದ. ಏರಿಸಿದ್ರೆ ದಪ್ಪ ತಂತಿ ಗಾಯಕಿಯ ದನೀನೇ ನುಂಗ್ತು. ಮ್ಯಾನೇಜರ್ ಮುಖ ಗಂಟು ಹಾಕ್ಕೊಂಡ. ಚಿರಂಜೀವಿ ಕತ್ತೆತ್ತಿ ನನ್ನ ಕಡೆ ನೋಡಿದ. ಆ ನೋಟ ನೆನೆದ್ರೆ ಇವತ್ತಿಗೂ ಅನ್ನ ಸೇರಲ್ಲ.

ನಡುವೆ ಗಂಡು ಹೆಣ್ಣಿನ ಫೋಟೋಗೆ ಅಂತ ಹಾಡು ನಿಲ್ಲಿಸಿದಾಗ ಸ್ಕ್ರೂಡ್ರೈವರ್ ಹಿಡ್ಕೊಂಡು ಸ್ಟೇಜ್ ಹಿಂದಕ್ಕೆ ಓಡಿದೆ.

"ಏನ್ ಮಾಡ್ದೆ ಅಕ್ಕಾ?"

"ಸರಿ ಮಾಡಿದೀನಿ ಕಣೋ!" ಅಂತ ನಾನೇ ಮೀಟಿದೆ. ಸರಿಯಾಗೇ ಬಂತು. ಕೃಷ್ಣಮೂರ್ತಿ ಬಂದು ಮೀಟಿದ. ಸರಿಯಾಗೇ ಬಂತು. "ಗಿಟಾರ್ ಚೆನ್ನಾಗೈತಲ್ಲಲೇ, ನಿನಗೇನಾಗೈತೆ?" ಅಂದ.

ಚಿರಂಜೀವಿ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ಕೊಂಡು, ಅದರ ತುದೀನ ತನ್ನ ಉಂಗುರದ ಬೆರಳಿಗೆ ಒತ್ತಿದ. ರಕ್ತ ಬಂತು. ಅವನು ಹುಬ್ಬೂ ಅಲ್ಲಾಡಿಸ್ಲಿಲ್ಲ.

"ಮಿಲ್ಲಿನ ಬೆಲ್ಟಿಗೆ ಸಿಕ್ಕಿತ್ತಣ್ಣ. ಎಂಟು ವರ್ಷ ಆಯ್ತು. ಮೂಳೆ ಕೂಡ್ಕೊಂತು, ಸ್ಪರ್ಶ ಬರ್ಲಿಲ್ಲ. ವರ್ಷ ವರ್ಷ ಬಲಾನೂ ಕಮ್ಮಿ ಆಗ್ತೈತೆ."

"ಹೇಳ್ಬಾರ್ದಿತ್ತೇನಲೇ?" ಅಂದ ಕೃಷ್ಣಮೂರ್ತಿ.

"ಹೇಳಿದ್ರೆ ಇಟ್ಕೊಂತಿದ್ಯಾ?"

ನಾನು ಅಲ್ಲೇ ನೆಲದ ಮೇಲೆ ಕೂತು, ಎರಡು ಸ್ಕ್ರೂ ತಿರುಗಿಸಿ ಡಬ್ಬೀನ ಮೊದಲಿನಂಗೆ ವಾರೆ ಮಾಡಿದೆ. ಐದು ನಿಮಿಷದ ಕೆಲಸ. ಆಮೇಲೆ ನುಡಿಸಿದ ನೋಡ್ರಿ! ಅಂಥ ಬೇಸ್ ನಾನು ಕೇಳಿರಲಿಲ್ಲ. ಮದುವೆ ಮನೆಯ ಹಿರೀಕನೊಬ್ಬ "ಬಾಗುಂದಿ, ಬಾಗುಂದಿ" ಅಂತ ತೆಲುಗಲ್ಲೇ ಹೊಗಳಿ ತೊಡೆ ತಟ್ಟಿದ. ಆ ಮ್ಯಾನೇಜರೇ ಎದ್ದು ಬಂದು, ಬೇಸ್ ನುಡಿಸ್ದೋನು ಯಾರು, ಚೆನ್ನಾಗಿ ನುಡಿಸ್ದ ಅಂತ ಕೇಳ್ಕೊಂಡು ಹೋದ.

ಹಂಗಿದ್ರೂ ಕೃಷ್ಣಮೂರ್ತಿ ಅವನನ್ನ ಆರ್ಕೆಸ್ಟ್ರಾದಿಂದ ಕೈಬಿಟ್ಟ. ನಾನು ಮನೆಬಾಗಿಲಿಗೆ ಹೋಗಿ ಜಗಳಾಡಿದೆ. "ಇವತ್ತು ಒಂದು ಬೆರಳು, ನಾಳೆ ಇನ್ನೊಂದಾದ್ರೆ? ನನಗೂ ಸಂಸಾರ ಐತೆ ಅಕ್ಕ," ಅಂದ. ಆರು ವರ್ಷ ಅವನ ಕಿವಿಗೆ ತಿಳೀದೇ ಇದ್ದ ಕುಂದು ಅದು. ಅವನ ಕಣ್ಣಿಗೆ ಬೀಳೋ ಹಂಗೆ ಮಾಡಿದೋಳು ನಾನು. ಎಲ್ಲಿ ಹೇಳ್ಕೊಂಡು ಅಳಲಿ?

ಎರಡು ತಿಂಗಳಾದ ಮೇಲೆ ಚಿರಂಜೀವಿ ಗಿಟಾರ್ ತಗೊಂಡು ಅಂಗಡಿಗೆ ಬಂದ. ನಾನು ಸಣ್ಣ ತಂತಿ ಕಡೆಯ ಸ್ಕ್ರೂಗೆ ಕೈ ಹಾಕಿದೆ.

"ಬ್ಯಾಡಕ್ಕ. ಸಮ ಮಾಡು, ಮೀಟರ್ ಇಟ್ಟು."

ಸಮ ಮಾಡಿದೆ. ಅವನು ತೊಡೆ ಮೇಲೆ ಇಟ್ಕೊಂಡು ನುಡಿಸಿದ. ಒಂದೇ ಒಂದು ಸ್ವರ ಕುಗ್ಗಲಿಲ್ಲ. ನೋಡ್ತೀನಿ, ತೋರುಬೆರಳು, ನಡುಬೆರಳು ಎರಡರಲ್ಲೇ ನಾಲ್ಕೂ ತಂತಿ ಮೀಟ್ತಿದಾನೆ. ಉಂಗುರದ ಬೆರಳು ಮಡಚ್ಕೊಂಡೈತೆ. ಮೂಟೆ ಹೊತ್ತು ಬಂದು ದಿನಾ ಕೂತು ಆ ಬಾಲ್ಯದ ಕೈ ರೂಢಿ ಮುರಿದು ಹೊಸದು ಕಲಿತಿದ್ದ. ನಂಗೆ ಕಣ್ಣಲ್ಲಿ ನೀರು ಬಂತು.

"ಲೇ, ಕೃಷ್ಣಮೂರ್ತಿಗೆ ಕೇಳಿಸ್ದೇನೋ ಇದನ್ನ?"

"ಹೋದ ವಾರ ಕೇಳಿಸ್ದೆ."

"ಏನಂದ?"

"ಪೂರ್ತಿ ಕೇಳ್ದ. ಭಾಳ ಚೆನ್ನಾಗೈತೆ ಅಂದ. ಆಮೇಲೆ, ಎಲ್ಲಿ, ಆ ಬೆರಳು ತೋರ್ಸು ಅಂದ."

ಗಿಟಾರನ್ನ ಚೀಲಕ್ಕೆ ಹಾಕಿ, ಯಾರಾರ ಕೇಳಿದ್ರೆ ಮಾರಿಬಿಡಕ್ಕ ಅಂತ ನನ್ನ ಮೇಜಿನ ಮೇಲೆ ಇಟ್ಟು, ಮಿಲ್ಲಿಗೆ ಹೊತ್ತಾಯ್ತು ಅಂತ ಹೋದ.